ಸಕ್ಕರೆ ಇಳಿದ ಕಣ್ಣು

ಊಟಕ್ಕೆ ಕೈ ಹಾಕುವ ಮೊದಲು ತಟ್ಟೆಯ ಫೋಟೊ ತೆಗೆದು ಫೋನಿನ ಗುಂಪಿಗೆ ಕಳಿಸಬೇಕು. ಅದು ಅತ್ತಿಗೆಯ ನಿಯಮ. ಕಳಿಸಿದ ಸ್ವಲ್ಪ ಹೊತ್ತಿಗೆ ಮೇಲಿನ ಮಹಡಿಯಿಂದಲೋ ಪಕ್ಕದ ಬೀದಿಯಿಂದಲೋ ಯಾರಾದರೊಬ್ಬರು ಭೇಷ್ ಎಂದು ಬರೆಯುತ್ತಿದ್ದರು. ಆಮೇಲೆ ತಿನ್ನಬಹುದು. ಅಷ್ಟರಲ್ಲಿ ಮೊಟ್ಟೆ ಆರಿರುತ್ತಿತ್ತು. ಆರಿದ ಮೊಟ್ಟೆಯಲ್ಲೂ ಅಷ್ಟೇ ಸತ್ವವಿರುತ್ತದೆ ಎಂದು ಅತ್ತಿಗೆ ಸಮಾಧಾನ ಹೇಳುತ್ತಿದ್ದರು. ಅದು ನಿಜವೇ. ಅತ್ತಿಗೆ ಹೇಳಿದ್ದು ಸುಳ್ಳಾಗುತ್ತಿದ್ದುದು ಬಹಳ ಅಪರೂಪ. ಅವರ ಜೊತೆ ಬದುಕುವುದರ ಕಷ್ಟವೂ ಅದೇ.

ಅವರ ನಾದಿನಿ ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದಾಗ, ಅತ್ತಿಗೆ ಯಾಕೆ ಏನು ಎಂದು ಕೇಳದೆ ಬಟ್ಟೆ ಒಣಗಿಸುವ ಕೋಣೆಯನ್ನು ಖಾಲಿ ಮಾಡಿ ಮಂಚ ಹಾಕಿಸಿದ್ದರು. ಆ ಕೋಣೆಗೆ ಚಿಲಕವಿರಲಿಲ್ಲ. ಒಣಗಿಸುವ ಕೋಣೆಗೆ ಚಿಲಕ ಯಾರು ಹಾಕಿಸುತ್ತಾರೆ? ಮನೆಯಲ್ಲಿ ಅವಳ ವಿಷಯ ಬಂದಾಗಲೆಲ್ಲ ಮಾತು ‘ಪಾಪ’ ಎಂದೇ ಶುರುವಾಗುತ್ತಿತ್ತು. ಕೆಲಸದ ಜಾಗದಲ್ಲಿ ಮಾತ್ರ ಅವಳಿಗೆ ಬೇರೆ ಹೆಸರಿತ್ತು: ಸೂಜಿಕಣ್ಣಿ.

ಅದು ಕನ್ನಡಕದ ಗಾಜು ತಯಾರಿಸುವ ಕಾರ್ಯಾಗಾರ. ಹಿಂದಿನ ಹಾಲಿನಲ್ಲಿ ಗಾಜು ಉಜ್ಜುವ ಚಕ್ರಗಳು, ಮುಂದೆ ಫ್ರೇಮಿಗೆ ಕೂರಿಸುವ ಮೇಜುಗಳು, ನಡುವೆ ಕಿಟಕಿಯ ಪಕ್ಕ ಸೂಜಿಕಣ್ಣಿಯ ಕುರ್ಚಿ. ಉಜ್ಜಿ ಬಂದ ಪ್ರತಿ ಗಾಜಿನ ಪವರನ್ನೂ ಅಳೆದು, ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ಅವಳ ಕೆಲಸ. ಅಳೆಯುವ ಯಂತ್ರದ ನಳಿಕೆಗೆ ಕಣ್ಣಿಟ್ಟರೆ ಒಳಗೆ ಹಸಿರು ಗೆರೆಗಳು ಕಾಣುತ್ತವೆ. ಗೆರೆಗಳು ಕೂದಲೆಳೆಯಷ್ಟು ಚೂಪಾಗುವವರೆಗೆ ಪಕ್ಕದ ಗಾಲಿಯನ್ನು ತಿರುಗಿಸಿ, ಅಲ್ಲಿ ನಿಂತ ಅಂಕಿಯನ್ನು ಓದಬೇಕು. ಎಲ್ಲಿ ಚೂಪು, ಎಲ್ಲಿ ಚೂಪಾಗುವುದಕ್ಕೆ ತುಸು ಮೊದಲು ಎಂಬುದನ್ನು ಅವಳ ಕಣ್ಣು ತಪ್ಪದೆ ಹೇಳುತ್ತಿತ್ತು.

ನಳಿಕೆಯ ತುದಿಯಲ್ಲಿ ಒಂದು ಬಳೆಯಿದೆ. ಒಬ್ಬೊಬ್ಬರ ಕಣ್ಣು ಒಂದೊಂದು ಥರವಾದ್ದರಿಂದ, ಕೂತವರು ಮೊದಲು ಆ ಬಳೆಯನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಗುಡಿಸುವವರ ಕೈ ತಗುಲಿ ಅದು ಆಗಾಗ ತಿರುಗುತ್ತಿತ್ತು. ಹೇಗಿದ್ದರೂ ಕೂರುವವಳು ಇವಳೊಬ್ಬಳೇ ಎಂದು ಯಜಮಾನರು ಒಂದು ದಿನ ಅವಳ ಕಣ್ಣಿಗೆ ಸರಿಯಾದ ಜಾಗದಲ್ಲಿ ಬಳೆಯನ್ನು ನಿಲ್ಲಿಸಿ, ಮೇಲೆ ಕೆಂಪು ಅರಗು ಬಿಟ್ಟು ಅಂಟಿಸಿಬಿಟ್ಟರು. ನಿನಗೂ ಈ ಮಿಷನ್ನಿಗೂ ಮದುವೆ ಮಾಡಿಸಿದ್ದೇನೆ, ಈ ಗಂಡ ಬಿಟ್ಟು ಹೋಗುವುದಿಲ್ಲ ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ತಮಾಷೆಯನ್ನು ಬೇರೆ ಯಾರಾದರೂ ಮಾಡಿದ್ದರೆ ನಗುತ್ತಿರಲಿಲ್ಲ.

ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆ ಎಂದು ಗೊತ್ತಾದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ಅನ್ನ, ಬ್ರೆಡ್ಡು, ಆಲೂಗಡ್ಡೆಗಳನ್ನು ಆದಷ್ಟು ಕಡಿಮೆ ಮಾಡಿ ಎಂದರು. ಅನ್ನ, ಸಕ್ಕರೆ ಬಿಟ್ಟವರ ಅತ್ತಿಗೆಯ ಗುಂಪು ಆಗಲೇ ನಡೆಯುತ್ತಿತ್ತು. ಕಟ್ಟಡದ ಕೆಳಗಿನ ಹಾಲಿನಲ್ಲಿ ಭಾನುವಾರ ಎಲ್ಲರೂ ಸೇರುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾಗಿದ್ದ ಡ್ರೈವರ್ ಮಾವ, ಎರಡನೇ ಮಹಡಿಯ ಅವಳಿ ಸೋದರಿಯರು, ಜೊತೆಗೆ ಕಾರ್ಯಾಗಾರದ ಯಜಮಾನರ ಹೆಂಡತಿ. ಅವರನ್ನು ಕಾರ್ಯಾಗಾರದಲ್ಲಿ ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು, ಸೂಜಿಕಣ್ಣಿ ಇಲ್ಲಿಯೂ ಹಾಗೇ ಕರೆಯುತ್ತಿದ್ದಳು. ಯಾರಾದರೂ ನಿಯಮ ಮೀರಿ ತಿಂದರೆ ಎದ್ದು ನಿಂತು ಏನು ತಿಂದೆ ಎಂದು ಹೇಳಬೇಕು. ಉಳಿದವರು ಪರವಾಗಿಲ್ಲ ಎನ್ನಬೇಕು. ಡ್ರೈವರ್ ಮಾವ ವಾರ ವಾರವೂ ಏಳುತ್ತಿದ್ದರು. ಅನ್ನ ಬಿಟ್ಟಮೇಲೆ ಕನಸಿನಲ್ಲಿ ಬಸ್ಸಿನ ತುಂಬ ಅನ್ನವೇ ಟಿಕೆಟ್ ತಗೊಂಡು ಕೂತಿರುತ್ತದೆ ಎಂದು ಅವರು ಹೇಳಿದಾಗ ಹಾಲೆಲ್ಲ ನಕ್ಕಿತ್ತು.

ಸೂಜಿಕಣ್ಣಿ ಏಳುವ ಪ್ರಸಂಗವೇ ಬರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿ ಇದ್ದರಲ್ಲವೇ? ಅಣ್ಣನೂ ಬಾಯಿ ಮುಚ್ಚಿಕೊಂಡು ಸೊಪ್ಪು ತಿನ್ನುತ್ತಿದ್ದ. ಅವಳ ಸಕ್ಕರೆ ಸರಸರನೆ ಇಳಿಯಿತು. ಎಲ್ಲರಿಗಿಂತ ಬೇಗ ಇಳಿಸಿದವಳು ಎಂದು ಅತ್ತಿಗೆ ಹೊಸಬರಿಗೆ ಅವಳನ್ನು ತೋರಿಸುತ್ತಿದ್ದರು. ಮೈ ಹಗುರಾಗಿತ್ತು, ಮಧ್ಯಾಹ್ನದ ತೂಕಡಿಕೆ ಹೋಗಿತ್ತು. ಈ ಊಟ ಅವಳಿಗೆ ಒಳ್ಳೆಯದನ್ನೇ ಮಾಡುತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ.

ಗಾಜುಗಳು ತಪ್ಪತೊಡಗಿದ್ದು ಅದೇ ದಿನಗಳಲ್ಲಿ. ಮೊದಲು ಒಂದೆರಡು ಜೊತೆ, ಆಮೇಲೆ ಟ್ರೇಗೆ ಟ್ರೇ. ಪ್ರತಿಯೊಂದೂ ಇರಬೇಕಾದ ಅಂಕಿಗಿಂತ ಒಂದು ಹೆಜ್ಜೆ ಆಚೆ, ಅದೂ ಒಂದೇ ದಿಕ್ಕಿಗೆ. ಅವಳು ಹಿಂದಕ್ಕೆ ಕಳಿಸಿದಳು. ಉಜ್ಜುವ ಚಕ್ರದ ಮುಂದೆ ಕೂರುತ್ತಿದ್ದವನನ್ನು ಎಲ್ಲರೂ ಸಾಣೆಯಣ್ಣ ಎನ್ನುತ್ತಿದ್ದರು. ಅವನ ಬಾಯಿ ಚಕ್ರಕ್ಕಿಂತ ಒರಟು. ಟ್ರೇ ಹಿಡಿದುಕೊಂಡು ಬಂದು, ಮೊಟ್ಟೆ ತಿಂದೂ ತಿಂದೂ ಕೋಳಿ ಹಾಗೆ ಕೆದಕೋಕೆ ಶುರು ಮಾಡಿದ್ದೀಯ ಎಂದು ರೇಗಿದ. ಆದರೆ ಅವಳ ಕಣ್ಣಿನ ಮೇಲೆ ಅವನಿಗೂ ನಂಬಿಕೆಯಿತ್ತು. ತನ್ನ ಯಂತ್ರವೇ ಸರಿದಿರಬೇಕೆಂದು ತಿಳಿದು, ಅವಳು ಓದಿದ ಅಂಕಿಗೆ ತಕ್ಕಂತೆ ಅದನ್ನು ತಿರುಗಿಸಿಕೊಂಡ. ಮರುದಿನದಿಂದ ಎಲ್ಲ ಗಾಜೂ ಸರಿಬಂತು. ಇಬ್ಬರಿಗೂ ನೆಮ್ಮದಿಯಾಯಿತು.

ಆ ನೆಮ್ಮದಿ ಮುರಿದದ್ದು ಮನೆಯಲ್ಲಿ. ಮಾತ್ರೆಯ ಹಾಳೆಯ ಹಿಂದಿನ ಸಣ್ಣಕ್ಷರ ಅವಳಿಗೆ ಮಸಕಾಗಿ ಕಂಡಿತು. ಬೆಳಕಿಗೆ ಹಿಡಿದಳು, ದೂರ ಹಿಡಿದಳು. ಕೊನೆಗೆ ಮೇಜಿನ ಮೇಲಿದ್ದ ಅಣ್ಣನ ಓದುವ ಕನ್ನಡಕವನ್ನು ಸುಮ್ಮನೆ ಮೂಗಿಗೇರಿಸಿದಳು. ಅಕ್ಷರಗಳು ಕಡೆದಿಟ್ಟಂತೆ ಎದ್ದು ಬಂದವು. ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ, ಯಂತ್ರದ ಮೇಲೆ ಏನನ್ನೂ ಇಡದೆ ಖಾಲಿ ಅಳೆದಳು. ಗಾಜೇ ಇಲ್ಲದಿದ್ದರೆ ಅಂಕಿ ಸೊನ್ನೆಗೆ ನಿಲ್ಲಬೇಕು. ನಿಲ್ಲಲಿಲ್ಲ, ಆ ಒಂದು ಹೆಜ್ಜೆ ಆಚೆ ನಿಂತಿತು. ಸರಿದಿದ್ದು ಸಾಣೆಯಣ್ಣನ ಚಕ್ರವಲ್ಲ.

ಅವಳು ಮೆಟ್ಟಿಲಲ್ಲಿ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು. ನರ್ಸಿಗೆ ಇದು ಹೊಸದೇನಲ್ಲ. ಬಹುಕಾಲ ಏರಿದ್ದ ಸಕ್ಕರೆ ಬೇಗ ಇಳಿದರೆ ಕಣ್ಣೊಳಗಿನ ಮಸೂರದ ಪವರು ಸ್ವಲ್ಪ ದಿನ ಬದಲಾಗುತ್ತದೆ, ಕೆಲವು ವಾರಗಳಲ್ಲಿ ತಾನೇ ನಿಲ್ಲುತ್ತದೆ, ಹೆದರಬೇಡಿ ಎಂದಳು. “ಅಲ್ಲಿವರ್ಗೂ ಹೊಸ ಕನ್ನಡಕ ಮಾತ್ರ ಮಾಡಿಸ್ಬೇಡಿ, ಆಯ್ತಾ?”

“ಮಾಡಿಸೋಳಲ್ಲ ಅಮ್ಮ, ನಾನು ಮಾಡೋಳು” ಎಂದಳು ಸೂಜಿಕಣ್ಣಿ. ನರ್ಸಿಗೆ ಅರ್ಥವಾಗಲಿಲ್ಲ.

ಅರ್ಥವಾಗಬೇಕಾದವರಿಗೆ ಹೇಳುವುದು ಹೇಗೆ? ಯಜಮಾನರಿಗೆ ಹೇಳಿದರೆ ಕುರ್ಚಿ ಹೋಗುತ್ತದೆ. ಕಣ್ಣನ್ನು ನಂಬಿ ಕೊಟ್ಟ ಕುರ್ಚಿ ಅದು, ಕಣ್ಣೇ ಕೈಕೊಟ್ಟ ಮೇಲೆ ಯಾವ ಬಾಯಲ್ಲಿ ಕೇಳುವುದು? ಕುರ್ಚಿ ಹೋದರೆ ಹಗಲೂ ರಾತ್ರಿಯೂ ಚಿಲಕವಿಲ್ಲದ ಕೋಣೆ. ಗುಂಪಿಗೆ ಹೇಳಿದರೆ ಅಮ್ಮಾವ್ರ ಕಿವಿಗೆ ಬಿತ್ತು, ಅಂದರೆ ಯಜಮಾನರಿಗೆ ಹೇಳಿದಂತೆಯೇ. ಅತ್ತಿಗೆಗೆ ಹೇಳಿದರೆ ಗುಂಪಿಗೆ ಹೇಳಿದಂತೆ. ಯಾವ ಬಾಗಿಲು ತೆಗೆದರೂ ಅದೇ ಹಾಲಿಗೆ ಹೋಗಿ ನಿಲ್ಲುತ್ತಿತ್ತು. ಗುಟ್ಟಾಗಿ ಬಳೆ ತಿರುಗಿಸೋಣವೆಂದರೆ ಅರಗು ಒಡೆದದ್ದು ಎಲ್ಲರಿಗೂ ಕಾಣುತ್ತದೆ, ಸಾಣೆಯಣ್ಣನ ಚಕ್ರವನ್ನೂ ಮತ್ತೆ ತಿರುಗಿಸಬೇಕಾಗುತ್ತದೆ.

ಸುಮ್ಮನಿರುವುದಕ್ಕೂ ದಾರಿಯಿರಲಿಲ್ಲ. ಒಬ್ಬ ಶಾಲಾ ಶಿಕ್ಷಕಿ ಕನ್ನಡಕ ವಾಪಸ್ ತಂದರು; ಮೆಟ್ಟಿಲು ಇಳಿಯುವಾಗ ಮೆಟ್ಟಿಲೇ ಎದ್ದು ಬರುತ್ತದಂತೆ. ಇನ್ನೂ ಕೆಲವರು ಬಂದರು. ಯಜಮಾನರು ಎಲ್ಲರೆದುರು ಸಾಣೆಯಣ್ಣನನ್ನು ಬೈದರು. ವಾಪಸ್ ಬಂದ ಗಾಜುಗಳನ್ನು ಸೂಜಿಕಣ್ಣಿಯ ಮೇಜಿನ ಮೇಲೆ ಸುರಿದು, ನೋಡು, ಇವೆಲ್ಲ ನಿನ್ನ ಕಣ್ಣಿಗೆ ಬಿದ್ದೂ ಹೇಗೆ ತಪ್ಪಿಸಿಕೊಂಡವು ಎಂದು ಕೇಳಿದರು. ಅವಳ ಅಂಕಿಗೆ ತಕ್ಕಂತೆ ಚಕ್ರ ತಿರುಗಿಸಿದ್ದನ್ನು ಸಾಣೆಯಣ್ಣ ಹೇಳಲಿಲ್ಲ. ಅವನು ಸುಮ್ಮನಿದ್ದುದನ್ನು ಅವಳು ಅದೇ ಮೊದಲು ನೋಡಿದ್ದು.

ಆ ಸಂಜೆ ಅವಳು ಬೇಕರಿಗೆ ಹೋಗಿ ಬನ್ನು ತಿಂದಳು. ಒಂದಲ್ಲ, ಸಾಕೆನಿಸುವಷ್ಟು. ಹಸಿವಿರಲಿಲ್ಲ, ಆಸೆಯೂ ಇರಲಿಲ್ಲ. ಸಕ್ಕರೆ ಏರಿದರೆ ಹಳೆಯ ಕಣ್ಣು ವಾಪಸ್ ಬಂದೀತು ಎಂಬ ಲೆಕ್ಕ. ಲೆಕ್ಕ ತಪ್ಪೆಂದು ಅಗಿಯುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ವಾರಗಟ್ಟಲೆ ಹಿಡಿದು ಬದಲಾದದ್ದು ಒಂದು ಸಂಜೆಗೆ ತಿರುಗುವುದಿಲ್ಲ. ತಿರುಗಿದರೂ, ಕುರ್ಚಿ ಉಳಿಸಿಕೊಳ್ಳಲು ಕಾಯಿಲೆಯನ್ನು ಕಾಪಾಡಿಕೊಳ್ಳಬೇಕು. ಆದರೂ ಅಗಿಯುತ್ತಲೇ ಇದ್ದಳು. ಗಾಜಿನ ಬಾಗಿಲಾಚೆ ಅಮ್ಮಾವ್ರು ನಿಂತಿದ್ದರು. ಒಳಗೆ ಬರಲಿಲ್ಲ. ಪಾಪ ಎನ್ನುವಂತೆ ತಲೆಯಾಡಿಸಿ ಹೋದರು.

ಭಾನುವಾರ ಅತ್ತಿಗೆ ಅವಳ ಹೆಸರು ಕರೆಯಲಿಲ್ಲ. ನಮ್ಮಲ್ಲಿ ಯಾರಿಗೋ ಏನೋ ಹೇಳುವುದಿದೆ ಎಂದಷ್ಟೇ ಹೇಳಿ, ಮೃದುವಾಗಿ ಎಲ್ಲರನ್ನೂ ನೋಡಿದರು. ಎಲ್ಲರೂ ಅವಳನ್ನು ನೋಡಿದರು. ಅವಳು ಎದ್ದಳು.

“ಬನ್ ತಿಂದೆ.”

“ಬೆಣ್ಣೆ ಹಾಕಿದ್ದಾ, ಬರೀದಾ?” ಎಂದರು ಡ್ರೈವರ್ ಮಾವ.

“ನೀವು ಸ್ವಲ್ಪ ಸುಮ್ನಿರಿ ಮಾವ” ಎಂದರು ಅತ್ತಿಗೆ. ಪರವಾಗಿಲ್ಲ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅಷ್ಟಕ್ಕೆ ಮುಗಿಯಬೇಕು, ಕೂತುಕೊಳ್ಳಬೇಕು. ಕೂತಿದ್ದರೆ ಬನ್ನು ತಿಂದ ಪಾಪದ ಹೆಂಗಸಾಗಿ ಉಳಿಯುತ್ತಿದ್ದಳು, ಕುರ್ಚಿಯೂ ಉಳಿಯುತ್ತಿತ್ತು. ಅವಳ ಕಾಲು ಮಡಚಲಿಲ್ಲ.

“ಆಸೆಗೆ ತಿಂದಿದ್ದಲ್ಲ. ನನ್ನ ಕಣ್ಣು ಬದಲಾಗಿದೆ” ಎಂದಳು. ಆಮೇಲೆ ಇಳಿದ ಸಕ್ಕರೆ, ಅಂಟಿಸಿದ ಬಳೆ, ತನ್ನ ತಪ್ಪು ಅಂಕಿಗೆ ತಕ್ಕಂತೆ ತಿರುಗಿದ ಚಕ್ರ, ಎಲ್ಲವನ್ನೂ ಒಂದಾದ ಮೇಲೊಂದರಂತೆ ಹೇಳಿದಳು. ಕೊನೆಗೆ ನೇರವಾಗಿ ಅಮ್ಮಾವ್ರ ಕಡೆ ತಿರುಗಿದಳು. “ಚಕ್ರ ತಿರುಗಿಸಿದ ಮೇಲೆ ನಾನು ಪಾಸ್ ಮಾಡಿದ ಗಾಜೆಲ್ಲ ವಾಪಸ್ ತರಿಸ್ಬೇಕು. ಸಾಣೆಯಣ್ಣಂದು ಏನೂ ತಪ್ಪಿಲ್ಲ, ಅಮ್ಮಾವ್ರೇ.”

ಯಾರಿಗೂ ಪರವಾಗಿಲ್ಲ ಎನ್ನಲು ಹೊಳೆಯಲಿಲ್ಲ. ಮೊದಲು ಎದ್ದವರು ಅತ್ತಿಗೆ. ಬಂದು ಅವಳನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಇಷ್ಟು ದಿನ ಒಬ್ಳೇ ಹೊತ್ಕೊಂಡಿದ್ಯಲ್ಲ, ಪಾಪ. ಬಿಟ್ಬಿಡು ಆ ಕೆಲ್ಸ. ಮನೇಲಿರು. ನಾನಿಲ್ವಾ?” ಅಮ್ಮಾವ್ರು, ನಮ್ಮೆಜಮಾನರಿಗೆ ನಾನು ಹೇಳುತ್ತೇನೆ, ನೀನೇನೂ ಯೋಚನೆ ಮಾಡಬೇಡ ಎಂದರು. ಅವಳಿ ಸೋದರಿಯರು ಆಚೀಚೆಯಿಂದ ಅವಳ ಬೆನ್ನು ನೇವರಿಸಿದರು. ಅಷ್ಟು ಕೈಗಳ ನಡುವೆ ಅವಳಿಗೆ ಉಸಿರಾಡಲು ಜಾಗವಿರಲಿಲ್ಲ.

ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತಿಗೆ ಅಡುಗೆಮನೆಯಿಂದ ಇಣುಕಿದರು.

“ಎಲ್ಲಿಗೆ?”

“ಕೆಲ್ಸಕ್ಕೆ.”

“ನಿನ್ನೆ ಮಾತಾಯ್ತಲ್ಲ?”

“ನೀವು ಮಾತಾಡಿದ್ರಿ, ಅತ್ತಿಗೆ.”

ಅದು ಆ ಮನೆಯಲ್ಲಿ ಅವಳು ಆಡಿದ ಅತಿ ಒರಟು ಮಾತು. ಆಡಿದ ಮೇಲೆ ಬಸ್‌ ಸ್ಟಾಪಿನವರೆಗೂ ಬಿರಬಿರನೆ ನಡೆದಳು.

ಯಜಮಾನರು ಅವಳ ಕುರ್ಚಿಯ ಪಕ್ಕದಲ್ಲೇ ನಿಂತಿದ್ದರು. ಮುಖದಲ್ಲಿ ಸಿಟ್ಟಿಗಿಂತ ಸಂಕೋಚ ಹೆಚ್ಚಿತ್ತು. ಅವರು ಬಾಯಿ ತೆರೆಯುವ ಮೊದಲೇ ಅವಳು, ಪವರು ಗೊತ್ತಿರುವ ಮಾದರಿ ಗಾಜುಗಳನ್ನು ಬೀರುವಿನಿಂದ ತೆಗೆಸಿಕೊಡಿ ಎಂದು ಕೇಳಿದಳು. ಸಾಣೆಯಣ್ಣನಿಂದ ಬ್ಲೇಡು ಇಸಿದುಕೊಂಡು ಅರಗನ್ನು ಕೆರೆದಳು. ಬಳೆಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ, ಒಳಗಿನ ಕಪ್ಪು ಗುರುತು ಚೂಪಾಗುವವರೆಗೆ ಮೆಲ್ಲಗೆ ಒಳಕ್ಕೆ ತಂದು ನಿಲ್ಲಿಸಿದಳು. ಯಜಮಾನರು ಪವರು ಹೇಳದೆ ಕೊಟ್ಟ ಗಾಜುಗಳನ್ನು ಒಂದೊಂದಾಗಿ ಅಳೆದು ಅಂಕಿ ಹೇಳಿದಳು. ಒಂದೂ ತಪ್ಪಲಿಲ್ಲ. ಕಣ್ಣು ನಾಳೆ ಮತ್ತೆ ಸರಿದರೆ ನಾಳೆ ಮತ್ತೆ ತಿರುಗಿಸಿದರಾಯಿತು, ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ, ಅಂಟಿಸಿದ್ದೇ ನಮ್ಮ ತಪ್ಪು ಎಂದಳು. ‘ನಮ್ಮ’ ಎಂದು ಬೇಕೆಂದೇ ಹೇಳಿದ್ದು.

“ಈಗ ನನ್ ಚಕ್ರ ಮತ್ತೆ ವಾಪಸ್ ತಿರುಗಿಸ್ಬೇಕಾ? ಒಳ್ಳೆ ಗ್ರಹಚಾರ” ಎಂದು ಗೊಣಗುತ್ತ ಸಾಣೆಯಣ್ಣ ಹೋದ. ಹೋಗುವಾಗ ಬ್ಲೇಡನ್ನು ಅವಳ ಮೇಜಿನ ಮೇಲೆಯೇ ಬಿಟ್ಟ.

ಯಜಮಾನರು ಗದ್ದ ಕೆರೆದುಕೊಂಡರು. ಕುರ್ಚಿ ನಿನ್ನದೇ ಎಂದರು. ಆಮೇಲೆ, ಅವಳು ಉಸಿರು ಬಿಡುವಷ್ಟರಲ್ಲಿ, ಒಂದು ಮಾತು ಸೇರಿಸಿದರು. ಕಣ್ಣು ನಿಲ್ಲುವವರೆಗೆ ಒಬ್ಬಳನ್ನೇ ಕೂರಿಸುವುದು ಬೇಡವೆಂದು ನಮ್ಮ ಮನೆಯಲ್ಲಿ ಹೇಳಿದ್ದಾರೆ. ತಲೆ ಸುತ್ತಿ ಬಿದ್ದರೆ ಹೇಗೆ? ಗುಂಪಿನವರೇ ಒಬ್ಬರು ಜೊತೆಗಿರಲು ಒಪ್ಪಿದ್ದಾರಂತೆ. ಅದಕ್ಕೆ ಒಪ್ಪಿದರೆ ಕುರ್ಚಿ. ಅವಳು ಒಪ್ಪಿದಳು.

ಅತ್ತಿಗೆ ಊಟದ ಹೊತ್ತಿಗಿಂತ ಮೊದಲೇ ಬಂದರು. ಕೈಯಲ್ಲಿ ಎರಡು ಡಬ್ಬಿ, ಒಂದು ನೀರಿನ ಬಾಟಲಿ. ಬೆಳಗಿನ ಮಾತನ್ನು ಎತ್ತಲಿಲ್ಲ. ಫ್ರೇಮ್ ಕೂರಿಸುವವರ ಹತ್ತಿರ ಒಂದು ಕುರ್ಚಿ ಕೇಳಿ ತಂದು, ಅವಳ ಮೇಜಿಗೆ ತಾಗುವಂತೆ ಹಾಕಿಕೊಂಡು ಕೂತರು. “ನಿನ್ನಷ್ಟಕ್ಕೆ ನೀನು ಕೆಲ್ಸ ಮಾಡು. ನಾನು ಇದ್ದೀನಿ ಅಂತ ಗೊತ್ತಿದ್ರೆ ಸಾಕು” ಎಂದರು.

ವಾಪಸ್ ಬಂದ ಗಾಜುಗಳ ರಾಶಿ ಅವಳ ಮುಂದಿತ್ತು. ಶಿಕ್ಷಕಿಯ ಕನ್ನಡಕವನ್ನು ಎತ್ತಿ ಯಂತ್ರದ ಮೇಲಿಟ್ಟಳು. ಕಾಗದದ ಮೇಲೆ ಬರೆದುಕೊಳ್ಳಬೇಕಾದಲ್ಲಿ ನೆರಳು ಬಿದ್ದಿತ್ತು.

“ಅತ್ತಿಗೆ, ಸ್ವಲ್ಪ ಜರುಗಿ. ಬೆಳಕು ಬರ್ತಿಲ್ಲ.”

ಅತ್ತಿಗೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. “ಇಷ್ಟು ಸಾಕಾ?”

ಸಾಲದು ಎಂದಳು ಸೂಜಿಕಣ್ಣಿ. ಅತ್ತಿಗೆ ಇನ್ನೊಂದು ಗೇಣು ಜರುಗಿ, ಅಲ್ಲಿ ಗಟ್ಟಿಯಾಗಿ ಕೂತರು.