ಸಾಯುವ ಮೊದಲೇ ಅಂಟಿಸಿದ ಪೋಸ್ಟರು

ಪೇಚ್ಚಿಮುತ್ತುವಿಗೆ ಐವತ್ತೆಂಟು ವರ್ಷ. ಈ ವಯಸ್ಸಿಗೆ ಮದುರೆಯಲ್ಲಿ ಬೇರೆ ಕಸುಬಿನವರು ಜಗಲಿಯ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸಿಕೊಂಡಿರುತ್ತಾರೆ. ಕೂಲಿಗೆ ಕೊಲೆ ಮಾಡುವವನಿಗೆ ಆ ಭಾಗ್ಯವೆಲ್ಲಿ ಬರಬೇಕು? ಎರಡೂ ಮೊಣಕಾಲು ಹೋಗಿವೆ, ಸಕ್ಕರೆ ಕಾಯಿಲೆ ಅಂಟಿಕೊಂಡಿದೆ, ಮಚ್ಚು ಎತ್ತಿದರೆ ಭುಜ ಹಿಡಿದುಕೊಳ್ಳುತ್ತದೆ. ಇದೊಂದು ಮುಗಿಸಿ ಕೈ ತೊಳೆದುಕೊಂಡುಬಿಡುತ್ತೇನೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿರುವುದು ಇದು ನಾಲ್ಕನೆಯ ಸಲ.

ಈ ಸಲದ ಆಸಾಮಿ ಶಂಕರಲಿಂಗಂ ಎಂಬ ಎಪ್ಪತ್ತೆರಡರ ಮುದುಕ. ಮಲ್ಲಿಗೆಯ ದಲ್ಲಾಳಿ, ಹೂವಿನ ವ್ಯಾಪಾರಿಗಳ ಸಂಘಕ್ಕೆ ಇಪ್ಪತ್ತು ವರ್ಷದಿಂದ ಅಧ್ಯಕ್ಷ. ಕೊಲ್ಲಿಸಲು ಹೊರಟವನು ಅವನ ಸ್ವಂತ ಅಕ್ಕನ ಮಗ ಕದಿರೇಸನ್. ಮುದುಕನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಇವತ್ತಲ್ಲ ನಾಳೆ ಆ ಕುರ್ಚಿ ಅಳಿಯನಿಗೇ ಬರುತ್ತಿತ್ತು. ಆದರೆ ಕಾಯುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ!

ಹಿಂದಿನ ದಿನ ಸಂಜೆಯೇ ಕೆಲಸ ಮುಗಿಯಬೇಕಿತ್ತು. ಮುದುಕ ದಿನಾ ದೇವಸ್ಥಾನದಿಂದ ಬರುವ ದಾರಿಯಲ್ಲಿ, ತೆಪ್ಪಕುಳವೆಂಬ ಕೊಳದ ಮೆಟ್ಟಿಲ ಮೇಲೆ ಪೇಚ್ಚಿಮುತ್ತು ಮಚ್ಚಿನ ಚೀಲ ಹಿಡಿದು ಕೂತಿದ್ದ. ಕೂತದ್ದೇ ತಪ್ಪಾಯಿತು. ಮುದುಕ ಹತ್ತಿರ ಬಂದಾಗ ಇವನಿಗೆ ಏಳಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡು ಒದ್ದಾಡುವುದನ್ನು ಕಂಡು ಮುದುಕನೇ ಕೈಕೊಟ್ಟು ಎಬ್ಬಿಸಿದ, ಚೀಲವನ್ನೂ ಎತ್ತಿಕೊಟ್ಟ, ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ತಿಕ್ಕಿಕೋ ಎಂದು ಬುದ್ಧಿ ಹೇಳಿ ಹೋದ. ಕೈಕೊಟ್ಟು ಎಬ್ಬಿಸಿದವನನ್ನು ಆ ಗಳಿಗೆಯಲ್ಲೇ ಕಡಿಯಲು ಪೇಚ್ಚಿಮುತ್ತುವಿಗೆ ನಾಚಿಕೆಯಾಯಿತು. ನಾಳೆ ನೋಡೋಣ ಎಂದು ಕದಿರೇಸನ್‌ಗೆ ಫೋನು ಮಾಡಿ ಮಲಗಿಬಿಟ್ಟ.

ನಾಳೆ ಎಂದರೆ ಆಗುವಂತಿರಲಿಲ್ಲ. ಕದಿರೇಸನ್ ಪೋಸ್ಟರು ಅಚ್ಚು ಹಾಕಿಸಿಬಿಟ್ಟಿದ್ದ.

ಆ ಊರಲ್ಲಿ ಯಾರಾದರೂ ಸತ್ತರೆ ಗೋಡೆಗೆ 'ಕಣ್ಣೀರ ಅಂಜಲಿ' ಎಂಬ ಪೋಸ್ಟರು ಹತ್ತಬೇಕು. ಯಾರ ಪೋಸ್ಟರು ಮೊದಲು ಹತ್ತುತ್ತದೋ, ಯಾರದು ದೊಡ್ಡದೋ, ಅವನೇ ಸತ್ತವನ ವಾರಸುದಾರ ಎಂದು ಜನ ಒಪ್ಪಿಕೊಳ್ಳುತ್ತಾರೆ. ಹೆಣ್ಣು ಕೊಟ್ಟ ಮಾವ ಸತ್ತಾಗ ಷಡ್ಡಕ ಮೊದಲು ಅಂಟಿಸಿ ಕದಿರೇಸನ್‌ನ ಮರ್ಯಾದೆ ತೆಗೆದಿದ್ದ. ಈ ಸಲ ಹಾಗಾಗಬಾರದೆಂದು, ಅದೂ ಮದುವೆ ತಿಂಗಳು, ಪ್ರೆಸ್ಸಿನವರಿಗೆ ಪುರುಸೊತ್ತಿರುವುದಿಲ್ಲವೆಂದು, ನಾಲ್ಕು ದಿನ ಮೊದಲೇ ಮಾಡಿಸಿಟ್ಟಿದ್ದ. ಅಂಟಿಸುವವರು ಗೋಂದಿನ ಬಕೆಟ್ಟು ಹಿಡಿದು ಹೊರಟಾಗಿತ್ತು, ಅವರ ಫೋನು ಹತ್ತಲಿಲ್ಲ.

ಬೆಳಿಗ್ಗೆ ಪೇಚ್ಚಿಮುತ್ತು ಚೀಲ ಹಿಡಿದು ಬೀದಿಗೆ ಬಂದರೆ ಟೀ ಅಂಗಡಿಯ ಗೋಡೆಯ ಮುಂದೆ ಶಂಕರಲಿಂಗಂ ನಿಂತಿದ್ದಾನೆ. ಕನ್ನಡಕ ಒರೆಸಿ ಒರೆಸಿ ತನ್ನ ಸಾವಿನ ಸುದ್ದಿ ಓದುತ್ತಿದ್ದಾನೆ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅವನ ಫೋಟೋ. ಉಳಿದ ಗೋಡೆಯ ತುಂಬ ಕೈಮುಗಿದು ನಿಂತ ಕದಿರೇಸನ್.

ಮುದುಕ ಇವನ ಗುರುತು ಹಿಡಿದು, ಮೊಣಕಾಲು ಹೇಗಿದೆ ಎಂದು ಮೊದಲು ವಿಚಾರಿಸಿದ. ಆಮೇಲೆ ಗೋಡೆ ತೋರಿಸಿದ.

"ನೋಡು ತಂಬಿ, ಇವತ್ತು ನಾಲ್ಕು ಗಂಟೆಗೆ ನನ್ನ ಸುಡ್ತಾರಂತೆ. ಸುಡ್ಲಿ ಬಿಡು. ಆದ್ರೆ ಈ ಫೋಟೋ ನೋಡು, ರೇಷನ್ ಕಾರ್ಡಿಂದ ಕಿತ್ತು ಹಾಕಿದ್ದಾನೆ."

ಮುದುಕನ ಮನೆಯ ಮುಂದೆ ಆಗಲೇ ಶಾಮಿಯಾನ ಬಂದಿತ್ತು. ತಮಟೆಯವರು ಚರ್ಮ ಕಾಯಿಸುತ್ತಿದ್ದರು, ಹೆಣ ಇಡುವ ಗಾಜಿನ ಪೆಟ್ಟಿಗೆಯನ್ನು ಆಟೋದಿಂದ ಇಳಿಸುತ್ತಿದ್ದರು. ಮಾರುಕಟ್ಟೆ ಮುಚ್ಚಿ ಹಾರ ಹಿಡಿದು ಅಳುತ್ತಾ ಬಂದವರು ಮುದುಕನನ್ನು ಕಂಡು ಬೆಪ್ಪಾಗಿ ನಿಂತರು. ಸತ್ತ ಸುದ್ದಿ ಹಬ್ಬಿದವನ ಆಯಸ್ಸು ಗಟ್ಟಿ ಎಂದು ಒಬ್ಬಳು ಅಜ್ಜಿ ಸಮಾಧಾನ ಮಾಡಿದಳು. ತಂದ ಹಾರವನ್ನು ವಾಪಸು ಒಯ್ಯಬಾರದಲ್ಲ ಎಂದು ಕೆಲವರು ಮುದುಕನ ಕೊರಳಿಗೇ ಹಾಕಿ ಹೋದರು.

ಕದಿರೇಸನ್ ಪೇಚ್ಚಿಮುತ್ತುವನ್ನು ಶಾಮಿಯಾನದ ಹಿಂದಕ್ಕೆ ಎಳೆದುಕೊಂಡು ಹೋದ. ರಾತ್ರಿಯಿಡೀ ನಿದ್ದೆಗೆಟ್ಟು ಅವನ ಕಣ್ಣು ಕೆಂಪಾಗಿದ್ದವು. ಬಂದವರೆಲ್ಲ ಅದನ್ನು ದುಃಖವೆಂದೇ ತಿಳಿದಿದ್ದರು.

"ಅಣ್ಣೇ, ಊರ ತುಂಬ ನನ್ನ ಮುಖ ಹಾಕ್ಸಿದ್ದೀನಿ. ಪೋಸ್ಟರು ಸುಳ್ಳಾದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೆಂಗೆ? ಸಂಜೆ ಒಳಗೆ ಮುಗ್ಸು. ಇಲ್ಲಾಂದ್ರೆ ತಿರುನೆಲ್ವೇಲಿಯಿಂದ ಬೇರೆ ಆಳು ಬರ್ತಾರೆ. ಮಾಮಂಗೂ ಬರ್ತಾರೆ, ನಿಂಗೂ ಬರ್ತಾರೆ."

ಪೇಚ್ಚಿಮುತ್ತುವಿಗೆ ಹೆದರಿಕೆಯಾಗಲಿಲ್ಲ, ಸುಸ್ತಾಯಿತು. ಮೂವತ್ತು ವರ್ಷದಲ್ಲಿ ಈ ಮಾತನ್ನು ಅವನೇ ಎಷ್ಟು ಜನರಿಗೆ ಹೇಳಿರಲಿಲ್ಲ!

ಅಷ್ಟರಲ್ಲಿ ಮುದುಕ ಹಾರಗಳನ್ನೆಲ್ಲ ಗಾಜಿನ ಪೆಟ್ಟಿಗೆಯ ಮೇಲೆ ಹಾಕಿ ಹೊರಟು ನಿಂತ. ಮುಂದಿನ ಸಲಕ್ಕಾದರೂ ಒಂದು ನೆಟ್ಟಗಿನ ಫೋಟೋ ತೆಗೆಸಿಡಬೇಕು, ಸ್ಟುಡಿಯೋಗೆ ಹೋಗಿ ಬರುತ್ತೇನೆ ಎಂದ. ಜತೆಗೆ ಯಾರು ಬೇಕು ಎಂದರೆ ಪೇಚ್ಚಿಮುತ್ತುವಿನತ್ತ ಬೆರಳು ತೋರಿಸಿದ. ಕದಿರೇಸನ್ ಕಣ್ಣಲ್ಲೇ ಹೋಗು ಎಂದ.

ಸ್ಟುಡಿಯೋಗೆ ಹೋಗುವ ದಾರಿಯಲ್ಲಿ ಹಳೆಯ ನೇಯ್ಗೆ ಶೆಡ್ಡುಗಳ ನಡುವೆ ಒಂದು ಸಂದಿ ಇದೆ. ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಮುದುಕ ಮುಂದೆ, ಪೇಚ್ಚಿಮುತ್ತು ಹಿಂದೆ. ಬೋಳು ಕತ್ತು ಬೆವರಿ ಹೊಳೆಯುತ್ತಿತ್ತು, ಮಲ್ಲಿಗೆಯ ಒಂದು ಎಸಳು ಅಂಟಿಕೊಂಡಿತ್ತು. ಪೇಚ್ಚಿಮುತ್ತು ಚೀಲದೊಳಗೆ ಕೈ ಹಾಕಿದ. ಹಿಡಿ ಸಿಕ್ಕಿತು. ಮುದುಕ ಇದ್ದಕ್ಕಿದ್ದಂತೆ ನಿಂತು, ತಿರುಗಿ ನೋಡದೆ, ಅವಸರವಿಲ್ಲ ತಂಬಿ, ಕಾಲು ನೋಯ್ತಿದ್ರೆ ಮೆಲ್ಲಗೇ ಬಾ ಎಂದ. ಪೇಚ್ಚಿಮುತ್ತು ಕೈ ಹೊರಗೆ ತೆಗೆದ. ಸಂದಿ ಮುಗಿಯಿತು.

ಸ್ಟುಡಿಯೋದಲ್ಲಿ ಮುದುಕನ ಫೋಟೋ ಆದ ಮೇಲೆ ಅವನು ಇವನನ್ನೂ ಸ್ಟೂಲಿನ ಮೇಲೆ ಕೂರಿಸಿದ. ಬೇಡವೆಂದರೂ ಕೇಳಲಿಲ್ಲ. ಚೀಲ ಇಲ್ಲಿ ಕೊಡು ಎಂದು ಇಸಿದುಕೊಂಡ. ದೀಪ ಒಮ್ಮೆ ಮಿಂಚಿತು. ಮಿಂಚಿದ ಕೂಡಲೇ ಪೇಚ್ಚಿಮುತ್ತು, ಯಾರೂ ಹೇಳದೆಯೇ, ಮುಖವನ್ನು ಗೋಡೆಯ ಕಡೆಗೆ ಪಕ್ಕಕ್ಕೆ ತಿರುಗಿಸಿ ಅಲುಗಾಡದೆ ಕೂತ. ಫೋಟೋದವನಿಗೆ ನಗು ಬಂತು. ಮುದುಕ ನಗಲಿಲ್ಲ.

"ಈ ಕಡೆ ತಿರುಗು ತಂಬಿ," ಎಂದ. "ಇದು ಸ್ಟೇಷನ್ ಅಲ್ಲ."

ಪೇಚ್ಚಿಮುತ್ತುವಿಗೆ ತಲೆ ಎತ್ತಲಾಗಲಿಲ್ಲ. ಅವನ ಜನ್ಮದಲ್ಲಿ ಫೋಟೋ ಅಂತ ತೆಗೆದಿದ್ದವರು ಪೊಲೀಸರು ಮಾತ್ರ, ಎದುರಿಂದ ಒಂದು, ಪಕ್ಕದಿಂದ ಒಂದು. ಯಾವಾಗ ಗೊತ್ತಾಯ್ತು ಅಯ್ಯಾ ಎಂದು ಕೇಳಿದ.

"ಐವತ್ತು ವರ್ಷ ಹೂವು ತೂಗಿದವನಪ್ಪಾ ನಾನು. ನೆನ್ನೆ ನಿನ್ನ ಹೂವಿನಂಗಡಿ ಚೀಲ ಎತ್ಕೊಟ್ಟೆನಲ್ಲ, ಹೂವು ಹಂಗೆ ಕೈ ಜಗ್ಗಲ್ಲ."

"ಗೊತ್ತಿದ್ದೂ ಆ ಸಂದೀಲಿ ಯಾಕೆ ಮುಂದೆ ನಡೆದ್ರಿ?"

"ಬೆಳಿಗ್ಗೆಯಿಂದ ಅಷ್ಟು ಜನ ಬಂದು ಅತ್ತರು. ಅಳದೆ ಸುಮ್ಮನೆ ನಿಂತಿದ್ದವನು ನೀನೊಬ್ಬನೇ. ನನಗೂ ಸಾಕಾಗಿದೆ ತಂಬಿ. ಹೊಡೆಯೋದಾದ್ರೆ ಇವನೇ ಹೊಡೀಲಿ ಅನ್ಕೊಂಡೆ."

ಅಷ್ಟು ಹೇಳಿ ಮುದುಕ ಇವನ ಪಕ್ಕದಲ್ಲೇ ಕೂತ. ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಇಬ್ಬರದೂ ಒಂದು ತೆಗಿ ಎಂದ.

ನಾಲ್ಕು ಗಂಟೆಗೆ ಪೇಚ್ಚಿಮುತ್ತು ಕದಿರೇಸನ್‌ನ ಹೂವಿನ ಅಂಗಡಿಗೆ ಹೋದ. ಮೇಜಿನ ಮೇಲೆ ಚೀಲ ಇಟ್ಟು, ಅದರ ಮೇಲೆ ಫೋಟೋ ಇಟ್ಟ.

"ನನ್ನ ಕೈಲಾಗಲ್ಲ ತಂಬಿ. ಆಳು ಕಳ್ಸೋದಾದ್ರೆ ಕಳ್ಸು, ಓಡೋಕೆ ಕಾಲಿಲ್ಲ, ಮನೇಲೇ ಇರ್ತೀನಿ. ಪೋಸ್ಟರಿಗೆ ಇದೇ ಫೋಟೋ ಹಾಕ್ಸು. ನಿನ್ನ ಮುಖ ಮಾತ್ರ ಬೇಡ."

ಕದಿರೇಸನ್ ಫೋಟೋ ಎತ್ತಿ ನೋಡಿದ. ಕೊಲ್ಲಲು ತಾನು ಕಳಿಸಿದ್ದವನ ಪಕ್ಕದಲ್ಲಿ ಮಾಮ ಕೂತಿದ್ದಾನೆ. ಮಾಮನ ತೊಡೆಯ ಮೇಲೆ ಮಚ್ಚಿನ ಚೀಲ. ಚೀಲದ ಮೇಲೆ ದೊಡ್ಡದಾಗಿ ಕದಿರೇಸನ್‌ನದೇ ಅಂಗಡಿಯ ಹೆಸರು, ಅದರ ಕೆಳಗೆ ಕೈಮುಗಿದು ನಗುತ್ತಿರುವ ಅವನದೇ ಮುಖ. ಎಲ್ಲೆಂದರಲ್ಲಿ ಮುಖ ಅಚ್ಚು ಹಾಕಿಸುವವನಿಗೆ ಮಚ್ಚು ಕೊಡುವಾಗ ಅಚ್ಚಿಲ್ಲದ ಒಂದು ಚೀಲ ಸಿಕ್ಕಿರಲಿಲ್ಲ. ಅವನ ಮುಖದ ಬಣ್ಣ ಇಳಿದುಹೋಯಿತು. ಇದು ಬೇರೆ ಯಾರ ಹತ್ತಿರ ಇದೆ ಎಂದು ಮೆಲ್ಲಗೆ ಕೇಳಿದ.

"ಸ್ಟುಡಿಯೋದವನು ದೊಡ್ಡದು ಮಾಡಿ ಬಾಗಿಲ ಗಾಜಲ್ಲಿ ಹಾಕಿದ್ದಾನೆ," ಎಂದ ಪೇಚ್ಚಿಮುತ್ತು. "ನಾವಿಬ್ರೂ ಎಷ್ಟು ದಿನ ಇರ್ತೀವೋ ಅಷ್ಟು ದಿನ ಅಲ್ಲೇ ಇರ್ಲಿ, ಆಮೇಲೆ ಸ್ಟೇಷನ್ನಿಗೆ ಹೋಗ್ಲಿ ಅಂತ ಅಯ್ಯ ಹೇಳಿದ್ದಾರೆ."

ಅಂಗಡಿಯ ಮೆಟ್ಟಿಲಿಳಿಯಲು ಪೇಚ್ಚಿಮುತ್ತುವಿಗೆ ಬಹಳ ಹೊತ್ತು ಹಿಡಿಯಿತು. ಕೈಯಲ್ಲಿ ಭಾರವೇನೂ ಇರಲಿಲ್ಲವಾದ್ದರಿಂದ ಗೋಡೆ ಹಿಡಿದುಕೊಂಡು ಇಳಿದ. ದಾರಿಯಲ್ಲಿ ಬೆಳ್ಳುಳ್ಳಿ ಕೊಳ್ಳುವುದಿತ್ತು.