ಗಡಿಯಾರದವನ ಮನೆಯ ಕೋಟು

ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಆ ಇಕ್ಕಟ್ಟು ಮನೆಯ ಹೊಸ್ತಿಲಲ್ಲಿ ಗುರುಬಸವ್ವ ಬೂಟು ಬಿಚ್ಚಿ ಗೋಡೆಗೆ ಹೊಂದಿಸಿ ಇಟ್ಟಳು.

"ಅತ್ತೀ, ಇದು ಮ್ಯೂಸಿಯಂ ಐತ್ರಿ. ಕಾಲಾಗ ಹಾಕ್ಕೋರಿ," ಎಂದಳು ಸೊಸೆ ದಾನೇಶ್ವರಿ.

"ಒಬ್ಬರು ಬಾಳೇವು ಮಾಡಿದ ಮನಿ ಅಂತ ನೀನ ಹೇಳಿದೆಲ್ಲ. ಬೂಟ ಹಾಕ್ಕೊಂಡು ಹ್ಯಾಂಗ ಹೋಗೂದು?"

"ಅವರು ಸತ್ತು ನೂರು ವರ್ಷ ಆತ್ರಿ."

"ಆಗಲಿ. ಮನಿ ಇನ್ನೂ ಐತೆಲ್ಲ."

ಟಿಕೆಟು ನೋಡುವ ಹೆಂಗಸು ಮುದುಕಿಯ ಕಾಲುಚೀಲ ನೋಡಿ ನಕ್ಕು ಒಳಗೆ ಬಿಟ್ಟಳು.

ದಾನೇಶ್ವರಿ ಜಮಖಂಡಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ರಜೆಯಲ್ಲಿ ನಾಲ್ಕೈದು ಶಿಕ್ಷಕಿಯರು ಸೇರಿ ಪ್ರವಾಸ ಹೊರಟಾಗ ಅತ್ತೆಯನ್ನೂ ಬನಹಟ್ಟಿಯಿಂದ ಎಬ್ಬಿಸಿಕೊಂಡು ಬಂದಿದ್ದಳು. ಅರಮನೆ ಆಯಿತು, ಚಿತ್ರಗಳ ದೊಡ್ಡ ಮ್ಯೂಸಿಯಂ ಆಯಿತು, ಹಡಗಿನದೂ ಆಯಿತು. ಎಲ್ಲಿಗೆ ಹೋದರೂ ಆಡದ ಮಾತೊಂದು ಇಬ್ಬರ ನಡುವೆ ಜೊತೆಯಲ್ಲೇ ನಡೆಯುತ್ತಿತ್ತು.

ಗುರುಬಸವ್ವನ ಮಗ ಯಲ್ಲಾಲಿಂಗ ತೀರಿಕೊಂಡು ನಾಲ್ಕು ವರ್ಷ. ಈಗ ಮುಧೋಳದ ಗೌರೀಶ ಮಾಸ್ತರ ದಾನೇಶ್ವರಿಯನ್ನು ಮದುವೆಯಾಗುತ್ತೇನೆ ಎಂದಿದ್ದ. ಅವನ ತಾಯಿ ಹಾಲವ್ವ ಮನೆಗೇ ಬಂದು ಕೇಳಿದಾಗ ದಾನೇಶ್ವರಿ, "ನಮ್ಮತ್ತಿ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ರಿ," ಎಂದುಬಿಟ್ಟಳು. ಗುರುಬಸವ್ವ, "ತಿರುಗಾಟ ಮುಗಿಸಿ ಬಂದು ಹೇಳತೇನಿ," ಎಂದು ಚಹಾ ಕುಡಿಸಿ ಕಳಿಸಿದ್ದಳು. ನಾಡಿದ್ದು ವಿಮಾನ. ಸೊಸೆ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಇವಳೂ ಹೋದರೆ ಆ ಮನೆಯಲ್ಲಿ ಯಲ್ಲಾಲಿಂಗನ ಹೆಸರು ಹಿಡಿದು ಮಾತಾಡುವವರು ಯಾರು ಎಂಬುದೇ ಗುರುಬಸವ್ವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು.

ಮೆಟ್ಟಿಲುಗಳು ಏಣಿಯ ಹಾಗಿದ್ದವು. ಹಿಡಿದುಕೊಳ್ಳಲು ಮೇಲಿನಿಂದ ಹಗ್ಗ ಬಿಟ್ಟಿದ್ದರು.

"ಇವರು ಮನಿ ಕಟ್ಟ್ಯಾರೋ ಬಾವಿ ತೋಡ್ಯಾರೋ," ಎನ್ನುತ್ತ ಮೊಣಕಾಲಿಗೆ ಕೈಯೂರಿ ಗುರುಬಸವ್ವ ಹತ್ತಿದಳು. ಹಿಂದಿನಿಂದ ಸೊಸೆ ಬೆನ್ನಿಗೆ ಅಂಗೈ ಕೊಟ್ಟಿದ್ದಳು.

ಮೇಲೆ ಗಡಿಯಾರ ಮಾಡುತ್ತಿದ್ದವನ ಕೋಣೆ. ಮೇಜಿನ ಮೇಲೆ ಹಿತ್ತಾಳೆ ಉಜ್ಜುವ ಸಣ್ಣ ಸಣ್ಣ ಅರ, ಒಂದು ಕನ್ನಡಕ. ಬಿಳಿ ಹೊದಿಕೆ ಎಳೆದ ಮಂಚ. ಗೂಟಕ್ಕೆ ತೂಗುಹಾಕಿದ ಕಪ್ಪು ಕೋಟು. ಉದ್ದ ಕುತ್ತಿಗೆಯ ಮುದುಕನೊಬ್ಬ ಬಂದವರಿಗೆಲ್ಲ ವಿವರಿಸುತ್ತಿದ್ದ. ದಾನೇಶ್ವರಿ ಅತ್ತೆಯ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು:

"ಈ ಗಡಿಯಾರದವ ಸತ್ತಾಗ ಅವನ ಹೆಂಡತಿಗೆ ಮೂವತ್ತೊಂದು ಅಂತ್ರಿ. ಆಮ್ಯಾಲ ನಲವತ್ತೆರಡು ವರ್ಷ ಈ ಖೋಲ್ಯಾಗ ಒಂದು ಸಾಮಾನೂ ಸರಸಲಿಲ್ಲಂತ. ಅದಕ್ಕ ಎಲ್ಲಾ ಇದ್ದಾಂಗ ಉಳದೈತಿ ಅಂತಾರ."

ಸುತ್ತಲಿನವರು ಮೆಚ್ಚಿ ತಲೆದೂಗಿದರು, ಫೋಟೋ ತೆಗೆದುಕೊಂಡರು.

ಹನ್ನೆರಡನೆಯ ವಯಸ್ಸಿಗೆ ಮಗ್ಗಕ್ಕೆ ಕೂತವಳಾದ್ದರಿಂದ ಗುರುಬಸವ್ವನ ಕಣ್ಣು ಮೊದಲು ಬಟ್ಟೆಗೇ ಹೋಗುತ್ತಿತ್ತು. ಕೋಟಿನ ಕೊರಳ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದಳು.

"ದಾನವ್ವ, ಇಲ್ಲಿ ರಫೂ ಮಾಡ್ಯಾರ ನೋಡು. ಒಮ್ಮೆ ಅಲ್ಲ, ನಾಕೈದು ಸಲ, ಒಂದರ ಮ್ಯಾಲ ಒಂದು. ಕೆಳಗಿಂದು ಎಷ್ಟ ಸಣ್ಣ ಐತಿ, ಹರೇದ ಕಣ್ಣಿಲೆ ಮಾಡಿದ್ದು. ಮ್ಯಾಲಿಂದು ಕಣ್ಣ ಹೋದಮ್ಯಾಲ ಮಾಡಿದ್ದು, ಹೊಲಿಗಿ ಎತ್ತೆತ್ತೋ ಹೋಗೈತಿ."

"ಯಾರೂ ಹಾಕ್ಕೊಳ್ಳದ ಕೋಟು ಯಾಕ ಹರೀತಿತ್ರಿ?"

"ತೂಗಿ ತೂಗಿ ಗೂಟಕ್ಕ ಹರದೈತಿ." ಗುರುಬಸವ್ವ ಸೆಟೆದು ನಿಂತಳು. "ಆಕಿ ಎಲ್ಲಿ ಮಲಕೋತಿದ್ಲಂತ, ಕೇಳು ಅವನ್ನ."

ಸೊಸೆ ಕೇಳಿದಾಗ ಮುದುಕ ಅಟ್ಟದ ಮೆಟ್ಟಿಲ ಕೆಳಗಿನ ಸಣ್ಣ ಬಾಗಿಲೊಂದನ್ನು ಎಳೆದು ತೋರಿಸಿದ. ಒಳಗೆ ಒಂದು ಹಲಗೆ, ಒಂದು ಕಂಬಳಿ. ಕಾಲು ಚಾಚಿದರೆ ಗೋಡೆಗೆ ತಾಗುವಷ್ಟೇ ಜಾಗ. ಮಂಚದ ಹೊದಿಕೆ ಮುದುಡಬಾರದೆಂದು ಆಕೆ ಇಲ್ಲೇ ಮಲಗುತ್ತಿದ್ದಳಂತೆ.

ಗುರುಬಸವ್ವ ಬಗ್ಗಿ ನೋಡಿದಳು. ಬನಹಟ್ಟಿಯ ಮನೆಯಲ್ಲಿ, ನಡುವಿನ ಕೋಣೆಯಲ್ಲಿ, ಮೊಳೆಗೆ ಹಾಕಿದ ಯಲ್ಲಾಲಿಂಗನ ಅಂಗಿ ಹೋದ ಪಂಚಮಿಗೆ ಕಾಲರಿನ ಹತ್ತಿರ ಹರಿದಿತ್ತು. ಸೂಜಿಯನ್ನು ಸೊಸೆಯ ಕೈಗೆ ಕೊಟ್ಟವಳು ತಾನೇ. ಆಕೆ ಮಾತಿಲ್ಲದೆ ಹೊಲಿದು ಮತ್ತೆ ಅಲ್ಲೇ ಹಾಕಿದ್ದಳು.

ಇಳಿಯಲು ಹೋದ ಗುರುಬಸವ್ವ ಮೇಲಿನ ಮೆಟ್ಟಿಲಲ್ಲೇ ಕೂತುಬಿಟ್ಟಳು.

"ಕಾಲು ನೋಯಾಕತ್ತಾವೇನ್ರಿ?"

"ಕಾಲಿಗೇನಾಗಿಲ್ಲ. ನೀ ಮನ್ಯಾಗ ಮಂಚ ಬಿಟ್ಟು ನೆಲದ ಮ್ಯಾಲ ಯಾಕ ಮಲಕೋತಿ?"

"ಮಂಚದ ಮ್ಯಾಲಿನ ಚಾದರ ತಗೀಬ್ಯಾಡ ಅಂದಿದ್ರೆಲ್ರಿ, ಅವರು ತೀರಿದಾಗ."

"ನಾಕು ವರ್ಷ ಅದಕ್ಕೇನ?"

"ಹೂಂರಿ."

"ಬಾಯಿ ಇರಲಿಲ್ಲೇನ ನಿನಗ? ಸಾಲ್ಯಾಗ ಹುಡುಗರಿಗೆ ದಿನಾ ಒದರತಿ."

"ನಿಮಗ ಎಲ್ಲಿ ನೋವಾಕ್ಕೈತೋ ಅಂತ ಸುಮ್ಮನಿದ್ನಿ."

ಗುರುಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗನ ಮೇಲಿನ ಪ್ರೀತಿಗೆ ಹಾಗೆ ಮಲಗುತ್ತಾಳೆಂದು ಇಷ್ಟು ದಿನ ಒಳಗೊಳಗೇ ಸುಖಪಟ್ಟಿದ್ದಳು. ಪ್ರೀತಿಯೂ ಇದ್ದೀತು. ಆದರೆ ತಾನು ಕೇಳಿರಲಿಲ್ಲ.

"ಆ ಮಾಸ್ತರನ ಮುಂದ ಯಲ್ಲಾಲಿಂಗನ ಹೆಸರು ತಗದ್ರ ಮಾರಿ ಗಂಟ ಹಾಕತಾನೇನ?"

"ಇಲ್ರಿ. ಅವರ ತಾವಾಗಿ ಕೇಳತಾರ, ಹ್ಯಾಂಗಿದ್ರು, ಏನು ಸೇರತಿತ್ತು ಅಂತ."

"ಏನ್ ಹೇಳಿದಿ?"

"ಶೇಂಗಾ ಹಿಂಡಿ ಇಲ್ಲದ ರೊಟ್ಟಿ ಮುರೀತಿದ್ದಿಲ್ಲ ಅಂದೆ."

"ಕೆನಿಮಸರು ಬಿಟ್ಟಿ. ಅದಿಲ್ಲಂದ್ರ ಹಿಂಡೀನೂ ಮುಟ್ಟತಿದ್ದಿಲ್ಲ ಅಂವ."

"ಅದು ನೀವು ಹೇಳಬೇಕ್ರಿ ಅವರಿಗೆ. ನನಗ ನಿಮ್ಮ ಮಗಂದು ಮೂರು ವರ್ಷದ್ದಷ್ಟ ಗೊತ್ತು."

ಗುರುಬಸವ್ವ ಸೊಸೆಯ ಮುಖವನ್ನು ನೋಡಿದಳು. ಮೂವತ್ನಾಲ್ಕರ ಮುಖ. ಕಿವಿಯ ಪಕ್ಕ ಒಂದೇ ಒಂದು ಬಿಳಿ ಕೂದಲು.

"ನಮ್ಮ ಕಡೆ ಈಗೆಷ್ಟು ಹೊತ್ತು?"

"ಮಧ್ಯಾಹ್ನ ಮೂರೂವರಿ."

"ಹಾಲವ್ವ ಮಲಗಿ ಎದ್ದಿರತಾಳ. ಹಚ್ಚು ಫೋನ."

ದಾನೇಶ್ವರಿ ನಂಬರು ಒತ್ತಿ ಫೋನನ್ನು ಅತ್ತೆಯ ಕೈಗಿಟ್ಟಳು. ಆ ಕಡೆಯಿಂದ ದನಿ ಬಂತು.

"ನಾನ ಬೇ, ಬನಹಟ್ಟಿ ಗುರುಬಸವ್ವ. ಹೂಂ, ಪರದೇಶದಾಗ ಅದೇನಿ, ಯಾರದೋ ಮನಿ ಮೆಟ್ಟಲ ಮ್ಯಾಲ ಕುಂತೇನಿ. ಉಂಡಿರೇನು? ಕೇಳಿಲ್ಲಿ. ನಮ್ಮ ಹುಡುಗಿ ನೆಲಕ್ಕ ಮಲಕೊಂಡು ಬೆನ್ನ ಹಿಡದೈತಿ, ಛಲೋ ಮಂಚ ಐತೇನ ನಿಮ್ಮನ್ಯಾಗ?... ಹಾಂ, ಹೂಂ ಅಂತನ ತಿಳ್ಕೋ. ಬಸವ ಜಯಂತಿ ಹೋತು, ಶ್ರಾವಣದಾಗ ನೋಡೂಣು. ಮತ್ತ, ನಾ ಅಮಾಸಿಗೊಮ್ಮೆ ಬರತೇನಿ. ಮಸರು ತರತೇನಿ."

ಕೆಳಗೆ ಐದಾರು ಜನ ಹತ್ತಲು ಕಾಯುತ್ತಿದ್ದರು. ಉದ್ದ ಕುತ್ತಿಗೆಯ ಮುದುಕ ಅವರಿಗೆ ಕೈ ತೋರಿಸಿ ನಿಲ್ಲಿಸಿದ. ಇಬ್ಬರು ಕೂಡಲಾಗದ ಆ ಮೆಟ್ಟಿಲಲ್ಲಿ ದಾನೇಶ್ವರಿ ಅತ್ತೆಯ ಪಕ್ಕ ಒತ್ತಿಕೊಂಡು ಕೂತು, ಅವಳ ಹೆಗಲಿಗೆ ಹಣೆ ಹಚ್ಚಿದಳು.

"ಅತ್ತಾಗ ಸರಿ, ಮಂದಿ ನಿಂತಾರ," ಎಂದಳು ಗುರುಬಸವ್ವ. ತಾನು ಮಾತ್ರ ಏಳಲಿಲ್ಲ.