ಗೋಧಿಯ ಸರದಿ

ಬೆಳಿಗ್ಗೆ ಎದ್ದ ಕೂಡಲೇ ಬೇಕರಿಯವನಿಗೆ ಮುಷ್ಟಿ ಬಿಗಿಯಲು ಆಗುತ್ತಿರಲಿಲ್ಲ. ಬೆರಳಿನ ಗೆಣ್ಣುಗಳು ಊದಿಕೊಂಡು ಬಿಸಿಯಾಗಿರುತ್ತಿದ್ದವು. ಹಿಟ್ಟು ನಾದುವುದಕ್ಕೇನೋ ಯಂತ್ರವಿತ್ತು. ಆದರೆ ಅದನ್ನು ಕತ್ತರಿಸಿ, ಉಂಡೆ ಮಾಡಿ, ಅಚ್ಚಿನಲ್ಲಿ ಇಡುವುದಕ್ಕೆ ಕೈಯೇ ಬೇಕು. ಕೀಲುವಾತ ಎಂದ ಡಾಕ್ಟರು ಮಾತ್ರೆ ಕೊಟ್ಟರು. ನೋವು ಅರ್ಧ ಇಳಿಯಿತು, ಅರ್ಧ ಉಳಿಯಿತು. ಉಳಿದದ್ದಕ್ಕೆ ಊಟವೇನಾದರೂ ಕಾರಣವೋ ನೋಡೋಣವೆಂದು ಅವರೇ ಆಹಾರ ತಜ್ಞೆಯೊಬ್ಬರ ಬಳಿಗೆ ಕಳಿಸಿದರು.

"ಗೋಧಿ, ಹಾಲು, ಮೊಟ್ಟೆ, ಕಡಲೆಕಾಯಿ, ಇವಿಷ್ಟನ್ನೂ ಸದ್ಯಕ್ಕೆ ಪೂರ್ತಿ ಬಿಡಿ," ಎಂದರು ಆಕೆ. "ಊತ ಇಳಿದ್ರೆ ಒಂದೊಂದನ್ನೇ ವಾಪಸ್ ತರೋಣ. ಒಂದನ್ನ ತಂದು ಕೆಲವು ದಿನ ನೋಡಿ, ಆಮೇಲೆ ಇನ್ನೊಂದು. ಯಾವುದು ಬಂದಾಗ ಕೈ ಊದುತ್ತೋ ಅದೇ ಕಳ್ಳ. ಮಾತ್ರೆ ಮಾತ್ರ ನಿಲ್ಲಿಸಬೇಡಿ."

"ಮೇಡಂ, ನಾನು ಬೇಕರಿ ಇಟ್ಕೊಂಡಿರೋನು," ಎಂದ ಅವನು.

ಆಕೆಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿಯೂ ನಕ್ಕುಬಿಟ್ಟಳು.

ಮನೆಯಲ್ಲಿ ಅಡುಗೆ ಅತ್ತೆಯದು. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು, ಅಳಿಯನೊಂದಿಗೆ ಮಾತ್ರ ನೇರವಾಗಿ ಮಾತಾಡುತ್ತಿರಲಿಲ್ಲ. ಅವನು ಎದುರಿಗೇ ಕೂತಿದ್ದರೂ "ನಿಮ್ಮೆಜಮಾನರಿಗೆ ಇನ್ನೊಂದು ಸ್ವಲ್ಪ ಅನ್ನ ಬೇಕಾ ಕೇಳೇ" ಎಂದು ಮಗಳ ಕಡೆ ತಿರುಗುವರು. ಅವನೂ ಅಷ್ಟೇ: "ಸಾಕು ಅಂತ ಹೇಳು." ಜಗಳವೇನಿಲ್ಲ, ಮರ್ಯಾದೆ ಸ್ವಲ್ಪ ಜಾಸ್ತಿಯಾಗಿ ಗೋಡೆಯಾಗಿತ್ತು.

ಪಥ್ಯ ಶುರುವಾದ ದಿನ ಅತ್ತೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ, ಬೇಡದ್ದನ್ನು ಮೇಲಿನ ಅಟ್ಟಕ್ಕೇರಿಸಿದರು. ಅನ್ನ, ತರಕಾರಿ, ಬೇಳೆ, ಹಣ್ಣು. ತಾವೂ ಅದನ್ನೇ ಬಡಿಸಿಕೊಂಡರು. "ನಿನಗ್ಯಾಕಮ್ಮಾ ಈ ಶಿಕ್ಷೆ?" ಎಂದು ಮಗಳು ಕೇಳಿದರೆ, "ಎರಡೆರಡು ಅಡುಗೆ ಯಾರು ಮಾಡ್ತಾರೆ?" ಎಂದು ಬಾಯಿ ಮುಚ್ಚಿಸಿದರು.

ಬೇಕರಿಯಲ್ಲಿ ಬೇರೆಯದೇ ಪೇಚು. ಪ್ರತಿದಿನ ಮೊದಲ ಬ್ರೆಡ್ಡಿನ ತುದಿ ಮುರಿದು ರುಚಿ ನೋಡುವುದು ಅವನ ಕೆಲಸ. ಈಗ ಹೆಂಡತಿಯ ಬಾಯಿಗೆ ಕೊಟ್ಟ. ಅವಳಿಗೋ ಎಲ್ಲವೂ ಚೆನ್ನ. ಸೀದದ್ದೂ ಚೆನ್ನ, ಹಸಿಯಿದ್ದದ್ದೂ ಚೆನ್ನ. ಒಂದು ದಿನ ಅಂಗಡಿಗೆ ಬಂದ ಅತ್ತೆ, ಮಗಳ ಕೈಯಿಂದ ಚೂರು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡರು.

"ಅಮ್ಮಾ, ನೀನೂ ಪಥ್ಯ ಅಲ್ವಾ?"

"ಕೈ ಊದಿರೋದು ನಂದಾ?" ಎಂದವರು, ಅಗಿಯುತ್ತಲೇ ಮೊದಲ ಸಲ ಅವನ ಮುಖ ನೋಡಿದರು. "ಅಳಿಯಂದ್ರೇ, ಉಪ್ಪು ಕಡಿಮೆ. ಇವತ್ತಲ್ಲ, ನಿಮ್ಮ ಮದುವೆ ಆದಾಗಿಂದ್ಲೂ."

ಬೇಕರಿಯವನು ಉಪ್ಪಿನ ಡಬ್ಬವನ್ನು ಹತ್ತಿರಕ್ಕೆ ಎಳೆದುಕೊಂಡ. ಮಾರನೆಯ ದಿನ ಉಪ್ಪು ಹೆಚ್ಚಿಸಿದ. ಮಧ್ಯಾಹ್ನದೊಳಗೆ ಕಪಾಟು ಖಾಲಿಯಾಯಿತು. ಅಂದಿನಿಂದ ಅತ್ತೆಗೆ ಒಲೆಯ ಹತ್ತಿರ ಒಂದು ಕುರ್ಚಿ ಖಾಯಂ ಆಯಿತು.

ಕೆಲವು ವಾರಗಳಲ್ಲಿ ಊತ ಇಳಿಯಿತು. ಮೊಟ್ಟೆಯನ್ನು ತಂದರು, ಏನೂ ಆಗಲಿಲ್ಲ. ಕಡಲೆಕಾಯಿ ಬಂತು, ಅದೂ ನಿರಪರಾಧಿ. ಈಗ ಗೋಧಿಯ ಸರದಿ. ಆದರೆ ಬೇಕರಿಯವನಿಗೆ ಒಂದು ದಿನ ನೆಗಡಿ, ಇನ್ನೊಂದು ದಿನ ಕೇಕಿನ ಆರ್ಡರು, ಮತ್ತೊಂದು ದಿನ ಏನೋ ಮನಸ್ಸಿಲ್ಲ. ಹೆಂಡತಿ ಗದರಿದಳು. ಅವನು ಹಿಟ್ಟು ಜರಡಿ ಹಿಡಿಯತೊಡಗಿದ. ಅತ್ತೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ಹೆದರಿಕೆನಾ?"

"ಹೂಂ, ಅತ್ತೆ. ಗೋಧಿನೇ ಅಂತ ಗೊತ್ತಾದ್ರೆ? ನಾನು ಮಾಡಿದ ಬ್ರೆಡ್ಡು ನಾನೇ ತಿನ್ನೋ ಹಾಗಿಲ್ಲ ಅಂದ್ರೆ, ಅದೇನು ಬದುಕು?"

"ಈಗೇನು ತಿಂತಾ ಇದ್ದೀರಾ? ಅನುಮಾನದಲ್ಲಿ ಉಪವಾಸ ಇರೋದಕ್ಕಿಂತ ತಿಂದು ತಿಳ್ಕೊಳ್ಳೋದು ಮೇಲು. ಅದೇ ಅಂತಾದ್ರೆ, ರುಚಿ ನೋಡೋಕೆ ನಾನಿದ್ದೀನಿ. ನನ್ನ ಹಲ್ಲು ಇನ್ನೂ ಗಟ್ಟಿ ಇವೆ."

ಬಿಸಿ ಬ್ರೆಡ್ಡಿನ ತುದಿಯನ್ನು ಅವರೇ ಮುರಿದುಕೊಟ್ಟರು. ಹಾಲು, ಬೆಣ್ಣೆ ಯಾವುದೂ ಸೋಂಕದ ಬ್ರೆಡ್ಡು ಅದು. ಅವನು ಕಣ್ಣು ಮುಚ್ಚಿಕೊಂಡು ಅಗಿದ. ಅತ್ತೆ ಹೇಳಿದ ಉಪ್ಪು ಎಷ್ಟು ಸರಿಯಿತ್ತೆಂಬುದು ಆಗ ಅವನ ನಾಲಿಗೆಗೆ ಗೊತ್ತಾಯಿತು. ಮರುದಿನ ಕೈ ಸರಿಯಾಗಿತ್ತು. ಅದರ ಮರುದಿನವೂ. ವಾರ ಕಳೆದರೂ ಬೆರಳುಗಳು ತಣ್ಣಗಿದ್ದವು.

ಕೊನೆಗೆ ಹಾಲು ಬಂತು. ಎರಡು ದಿನ ಚಹಾಕ್ಕೆ ಹಾಲು ಬೆರೆಸಿದ್ದೇ ತಡ, ಗೆಣ್ಣುಗಳು ಮತ್ತೆ ಕೆಂಪಗಾದವು. ಬಿಟ್ಟರೆ ಇಳಿಯಿತು, ತಜ್ಞೆ ಹೇಳಿದರೆಂದು ಇನ್ನೊಮ್ಮೆ ಕುಡಿದು ನೋಡಿದರೆ ಅದೇ ಕಥೆ.

"ನೋಡಿದ್ರಾ," ಎಂದರು ಅತ್ತೆ, "ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಪಾಪ, ಗೋಧಿ!"

ಬೇಕರಿಯವನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕ. ಮುಖವೆಲ್ಲ ಬೆಳ್ಳಗಾಯಿತು.

ಕಾಯಿಲೆ ಪೂರ್ತಿ ಹೋಯಿತೆಂದಲ್ಲ. ಚಳಿ ಬಂದರೆ, ನಿದ್ದೆ ಕೆಟ್ಟರೆ ಕೈ ಒಮ್ಮೊಮ್ಮೆ ತಕರಾರು ಮಾಡುತ್ತದೆ. ಮಾತ್ರೆ ನಡೆಯುತ್ತಲೇ ಇದೆ. ಆದರೆ ಹೆಚ್ಚಿನ ಬೆಳಗುಗಳಲ್ಲಿ ಅವನು ತಾನೇ ಹಿಟ್ಟು ಕತ್ತರಿಸುತ್ತಾನೆ. ಹಾಲಿಲ್ಲದ ಸಿಹಿ ಬನ್ನೊಂದನ್ನು ಮಾಡಲು ಅತ್ತೆ-ಅಳಿಯ ಸೇರಿ ಹೊರಟಿದ್ದಾರೆ. ಮೊದಲನೆಯದು ಕಲ್ಲಾಯಿತು, ಎರಡನೆಯದು ಅಂಟಾಯಿತು. ನಿನ್ನೆಯದನ್ನು ತಿಂದ ಹೆಂಡತಿ ಎಂದಿನಂತೆ "ಚೆನ್ನಾಗಿದೆ" ಎಂದಳು. ಇಬ್ಬರೂ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಸಕ್ಕರೆ ಎಷ್ಟಿರಬೇಕೆಂದು ಜೋರು ದನಿಯಲ್ಲಿ ವಾದಿಸುತ್ತಿದ್ದರು.